ಹದಿನಾಲ್ಕು ಕಮಾನು

ದೀಪಾವಳಿಗೆ ಇನ್ನೂ ಎಂಟು ದಿನವಿದ್ದಿತು. ವರ್ಷಕ್ಕೊಮ್ಮೆ ಮನೆಯ ಧೂಳು ಕೊಡಹುವ ಮಹಾಕಾರ್ಯ ನಮ್ಮಲ್ಲಿ ಆ ಸಮಯದಲ್ಲಿಯೇ ನಡೆಯುವುದು. ಅಂದು ಗೃಹಸ್ಥನಾದವನು ಏನಾದರೊಂದು ನೆಪ ಹೂಡಿ ಮನೆಯಿಂದ ಹೊರಬೀಳುವುದು ಜಾಣತನ. ಹೊರಗೆ ಮಳೆ ಹನಿಯುತ್ತಿದ್ದುದರಿಂದ ಆ ಜಾಣತನ ನನಗೆ ಸಾಧ್ಯವಾಗಲಿಲ್ಲ. ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಪಡಸಾಲೆಯ ಮೂಲೆಯಲ್ಲಿ ಆದಷ್ಟು ಚಿಕ್ಕವನಾಗಿ ಕುಳಿತಿದ್ದೆ. ಸ್ಟೂಲಿನ ಮೇಲೆ ನಿಂತು ಗೋಡೆಯ ಪಟಗಳನ್ನು ಒರೆಸುತ್ತಿದ್ದ ನನ್ನಾಕೆ ಇದ್ದಕ್ಕಿದ್ದಂತೆ ಕೂಗಿಕೊಂಡಳು.

"ಅಯ್ಯೋ, ಇಲ್ಲಿ ನೋಡಿ! ಸೇತುವೆ ಕರಗುತ್ತಾ ಇದೆ!"

ಅವಳ ಕೈಯಲ್ಲಿದ್ದ ಒದ್ದೆ ಬಟ್ಟೆಗೆ ಕಂದು ಬಣ್ಣ ಹತ್ತಿದ್ದಿತು. ಚಿತ್ರದ ಬಲದ ಅಂಚಿನಲ್ಲಿ ಒಂದು ಕಮಾನು ಅರ್ಧ ಅಳಿಸಿಹೋಗಿತ್ತು. "ಎಣ್ಣೆಯ ಬಣ್ಣ ನೀರಿಗೆ ಹೋಗುವುದಿಲ್ಲ ಅಂತ ನೀವೇ ಹೇಳಿದ್ದಿರಲ್ಲ?" ಎಂದು ಅವಳು ಅಳುದನಿಯಲ್ಲಿ ಕೇಳಿದಳು. ಭಾವನವರ ಕೈಯ ಚಿತ್ರವನ್ನು ತಾನು ಹಾಳುಮಾಡಿದೆನೆಂಬ ಭಯ ಅವಳಿಗೆ. ನನಗಾದ ಭಯವೇ ಬೇರೆ. ಎಣ್ಣೆಯ ಬಣ್ಣ ನೀರಿಗೆ ಹೋಗುವುದಿಲ್ಲವೆಂಬುದು ನಿಜ. ನೀರಿಗೆ ಹೋದ ಆ ಬಣ್ಣವನ್ನು ಬಳಿದವನು ನನ್ನ ಅಣ್ಣನಲ್ಲವೆಂಬುದು ಆ ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿದ್ದಿತು. ಹತ್ತಿರ ಹತ್ತಿರ ಅರವತ್ತು ವರ್ಷ ಮುಚ್ಚಿಟ್ಟುಕೊಂಡಿದ್ದ ಕಳ್ಳತನವೊಂದು ಒಂದು ಬಟ್ಟೆಯ ತುಂಡಿಗೆ ಹತ್ತಿ ಕಣ್ಣೆದುರಿಗೆ ಬಂದು ನಿಂತಿತು.

ಚಿತ್ರವು ಹರಿಹರದ ಹಳೆಯ ಸೇತುವೆಯದು. ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಹಲಗೆಯ ಮೇಲೆ 1966ರ ಮಾಗಿಯಲ್ಲಿ ಅಣ್ಣ ಬರೆದುದು. ಹತ್ತಿರ ಹೋಗಿ ನೋಡಿದರೆ ಅದರಲ್ಲಿ ಸೇತುವೆಯೂ ಇಲ್ಲ, ನದಿಯೂ ಇಲ್ಲ. ಅಲ್ಲಲ್ಲಿ ನೀಲಿ, ನೇರಳೆ, ಮಾಸಲು ಹಳದಿ ಬಣ್ಣದ ಗಟ್ಟಿ ಹೆಪ್ಪುಗಳು, ಅಡುಗೆಯವಳು ಆತುರದಲ್ಲಿ ರೊಟ್ಟಿಗೆ ಬೆಣ್ಣೆ ಸವರಿದಂತೆ. ಏಳೆಂಟು ಹೆಜ್ಜೆ ಹಿಂದಕ್ಕೆ ಸರಿದು ಬಾಗಿಲ ಬಳಿ ನಿಂತರೆ ಅದೇ ಹೆಪ್ಪುಗಳು ಒಂದಕ್ಕೊಂದು ಕೈಹಿಡಿದು ಬೆಳಗಿನ ತುಂಗಭದ್ರೆಯಾಗುವುವು. ನೀರಿನ ಮೇಲೆ ಕಮಾನುಗಳ ನೆರಳು ನಡುಗುವುದು. ಎಡಗಡೆಯಿಂದ ಹೊರಟ ಸೇತುವೆ ಬಲಕ್ಕೆ ಹೋಗುತ್ತ ಹೋಗುತ್ತ ಮಂಜಿನೊಳಗೆ ಸೇರಿ ಕಾಣದಾಗುವುದು.

ಕಾಣದಾಗುವುದು ಎಂದೆನಲ್ಲ, ಅಣ್ಣ ಬರೆದಾಗ ಹಾಗಿದ್ದಿತು. ಆಮೇಲೆ ಹಾಗಿರಲಿಲ್ಲ.

ಸೇತುವೆಯ ವಿಷಯವಾಗಿ ಎರಡು ಮಾತು ಹೇಳಬೇಕು. ಅದು ಮುಗಿದದ್ದು 1868ರಲ್ಲಿ. ಮೈಸೂರು ಸಂಸ್ಥಾನ ಆಗ ಬ್ರಿಟಿಷರ ನೇರ ಆಡಳಿತದಲ್ಲಿದ್ದಿತು. ಬೌರಿಂಗ್ ಸಾಹೇಬರು ಕಮಿಷನರರಾಗಿದ್ದರು. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ದೊಡ್ಡ ರಸ್ತೆಯನ್ನು ಹೊಳೆ ದಾಟಿಸುವುದಕ್ಕಾಗಿ ಕಲ್ಲು ಮತ್ತು ಇಟ್ಟಿಗೆಯಲ್ಲಿ ಅದನ್ನು ಕಟ್ಟಿದರು. ಒಂದೊಂದೂ ಅರವತ್ತು ಅಡಿ ಅಗಲದ, ದೀರ್ಘವೃತ್ತದ ಆಕಾರದ ಹದಿನಾಲ್ಕು ಕಮಾನುಗಳು. ಈಚೆಯ ದಂಡೆ ಹರಿಹರ, ಮೈಸೂರು ಸೀಮೆ. ಆಚೆಯದು ರಾಣೆಬೆನ್ನೂರು ತಾಲ್ಲೂಕು, ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಎರಡು ದಂಡೆಯಲ್ಲಿಯೂ ಕನ್ನಡವೇ. ಆದರೆ ಸರಕಾರ ಬೇರೆ, ಕಾಯಿದೆ ಬೇರೆ. 1956ರ ನವೆಂಬರ್ 1ರಂದು ರಾಜ್ಯಗಳು ಒಂದಾಗುವವರೆಗೆ, ಎಂಬತ್ತೆಂಟು ವರ್ಷ ಕಾಲ, ಆ ಹದಿನಾಲ್ಕು ಕಮಾನುಗಳು ಒಂದು ಕನ್ನಡದಿಂದ ಇನ್ನೊಂದು ಕನ್ನಡಕ್ಕೆ ಜನರನ್ನು ದಾಟಿಸಿದವು.

ಹಾಗೆ ದಾಟಿ ಬಂದವರಲ್ಲಿ ನನ್ನ ತಂದೆಯೂ ಒಬ್ಬರು. ಆಚೆಯ ದಂಡೆಯಿಂದ ನಾಲ್ಕು ಮೈಲಿ ದೂರದ ಒಂದು ಹಳ್ಳಿಯವರು. ಹನ್ನೆರಡು ವರ್ಷದವರಿದ್ದಾಗ, 1926ರಲ್ಲಿ, ಓದುವುದಕ್ಕೆಂದು ದಾವಣಗೆರೆಯ ಸೋದರಮಾವನ ಮನೆಗೆ ಬಂದು ಇಲ್ಲಿಯೇ ನಿಂತರು. ಮುಂದೆ ಲೋಕೋಪಯೋಗಿ ಇಲಾಖೆಯಲ್ಲಿ ಓವರ್‌ಸಿಯರ್ ಆದರು. ಇಷ್ಟು ವರ್ಷ ಮೈಸೂರು ಸೀಮೆಯಲ್ಲಿದ್ದರೂ ಸಿಟ್ಟು ಬಂದಾಗ ಮಾತ್ರ ಅವರ ನಾಲಗೆ ಹೊಳೆ ದಾಟಿ ಆಚೆಗೆ ಹೋಗಿಬಿಡುತ್ತಿದ್ದಿತು.

1964ರಲ್ಲಿ ದಾವಣಗೆರೆಯಲ್ಲಿ ಕಲಾ ಶಾಲೆ ಆರಂಭವಾಯಿತು. ಹತ್ತಿಯ ಗಿರಣಿಗಳ ಊರು. ಕೊಳವೆಗಳ ಹೊಗೆಯನ್ನು ನೋಡಿ ಹೊತ್ತು ಹೇಳುವ ಜನ. ಅಂಥ ಕಡೆ ಚಿತ್ರ ಬರೆಯುವುದನ್ನು ಕಲಿಸುವ ಶಾಲೆಯೆಂದರೆ ನಮ್ಮ ಬೀದಿಯವರಿಗೆ ನಗು. ಅಣ್ಣ ಅಲ್ಲಿ ಸೇರುವೆನೆಂದಾಗ ಅಪ್ಪ ಬೇಡವೆನ್ನಲಿಲ್ಲ. ನಕ್ಷೆ ಬರೆಯುವುದನ್ನು ಕಲಿತರೆ ಇಲಾಖೆಯಲ್ಲಿ ಡ್ರಾಫ್ಟ್ಸ್‌ಮನ್ ಕೆಲಸ ಕೊಡಿಸಬಹುದೆಂಬುದು ಅವರ ಲೆಕ್ಕಾಚಾರ. ಅಣ್ಣನ ಲೆಕ್ಕಾಚಾರ ಬೇರೆಯಿದ್ದಿತು. ಶಾಲೆಯಲ್ಲಿ ಯಾವುದೋ ಪುಸ್ತಕದಲ್ಲಿ ಅವನು ಫ್ರಾನ್ಸಿನ ಮೋನೆಯ ಚಿತ್ರಗಳನ್ನು ಕಂಡಿದ್ದ. ಅಂದಿನಿಂದ ಅವನಿಗೆ ಕಪ್ಪು ಬಣ್ಣದ ಮೇಲೆ ಹಗೆ ಹುಟ್ಟಿತು. "ನೆರಳು ಕಪ್ಪಲ್ಲ ಕಣೋ, ಸರಿಯಾಗಿ ನೋಡು, ಅದು ನೇರಳೆ," ಎಂದು ನನ್ನನ್ನು ನಡುಬಿಸಿಲಿನಲ್ಲಿ ನಿಲ್ಲಿಸಿ ನನ್ನ ನೆರಳನ್ನೇ ನನಗೆ ತೋರಿಸುತ್ತಿದ್ದ. ನನಗೆ ಅದು ಕಪ್ಪಾಗಿಯೇ ಕಾಣುತ್ತಿದ್ದಿತು. ಪೆಪ್ಪರಮಿಂಟು ಸಿಕ್ಕೀತೆಂಬ ಆಸೆಯಿಂದ ನೇರಳೆಯೆಂದು ಒಪ್ಪಿಕೊಳ್ಳುತ್ತಿದ್ದೆ.

ಆ ಪಂಥದ ಚಿತ್ರಗಾರರ ಕಥೆಯನ್ನು ನಾನು ದೊಡ್ಡವನಾದ ಮೇಲೆ ಓದಿ ತಿಳಿದುಕೊಂಡೆ. 1874ರಲ್ಲಿ ಪ್ಯಾರಿಸಿನಲ್ಲಿ ಕೆಲವು ಮಂದಿ ಒಟ್ಟುಗೂಡಿ, ಒಬ್ಬ ಛಾಯಾಚಿತ್ರಗಾರ ಬಿಟ್ಟುಹೋಗಿದ್ದ ಸ್ಟುಡಿಯೋದಲ್ಲಿ ತಮ್ಮ ಚಿತ್ರಗಳನ್ನು ತೂಗುಹಾಕಿದರು. ಬಂದರಿನ ಸೂರ್ಯೋದಯವೊಂದಕ್ಕೆ ಮೋನೆ 'ಅಚ್ಚೊತ್ತಿದ ಭಾವ' ಎಂಬರ್ಥದ ಹೆಸರಿಟ್ಟಿದ್ದ. ಲೆರುವಾ ಎಂಬ ವಿಮರ್ಶಕ ಆ ಹೆಸರನ್ನೇ ಹಿಡಿದುಕೊಂಡು, ಗೋಡೆಗೆ ಅಂಟಿಸುವ ಕಾಗದವೂ ಇದಕ್ಕಿಂತ ಪೂರ್ಣವಾಗಿರುತ್ತದೆಯೆಂದು ಗೇಲಿಮಾಡಿದ. ಗೇಲಿಯ ಹೆಸರೇ ಪಂಥಕ್ಕೆ ನಿಂತುಹೋಯಿತು. ಬಣ್ಣವನ್ನು ತವರದ ಕೊಳವೆಯಲ್ಲಿ ತುಂಬಿಡುವ ಉಪಾಯ 1841ರಲ್ಲಿ ಬಂದದ್ದರಿಂದಲೇ ಇವರೆಲ್ಲ ಕೋಣೆ ಬಿಟ್ಟು ನದೀತೀರಕ್ಕೆ ಬರುವುದು ಸುಲಭವಾದದ್ದು. ಇದೇ ಮೋನೆ 1899ರಿಂದ 1901ರವರೆಗೆ ಮೂರು ಬಾರಿ ಲಂಡನ್ನಿಗೆ ಹೋಗಿ, ಹೋಟೆಲಿನ ಕಿಟಕಿಯಲ್ಲಿ ಕುಳಿತು, ಥೇಮ್ಸ್ ನದಿಯ ವಾಟರ್ಲೂ ಸೇತುವೆಯೊಂದನ್ನೇ ನಲವತ್ತಕ್ಕೂ ಹೆಚ್ಚು ಸಲ ಬರೆದ. 1817ರಲ್ಲಿ ತೆರೆದ ಆ ಕಲ್ಲಿನ ಸೇತುವೆಗೆ ಒಂಬತ್ತು ಕಮಾನುಗಳಿದ್ದವು. ಮೋನೆಯ ಚಿತ್ರದಲ್ಲಿ ಒಂಬತ್ತನ್ನು ಎಣಿಸಲು ಹೋದವನು ಮಂಜಿನಲ್ಲಿ ದಾರಿ ತಪ್ಪಬೇಕಾಗುತ್ತದೆ. ನಮ್ಮವರಲ್ಲಿ ವೆಂಕಟಪ್ಪನವರು ಊಟಿಯ ಮಂಜನ್ನು ಬರೆದರು, ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬರೆದರು. ಅವರನ್ನು ಯಾರೂ ಎಲೆ ಎಣಿಸಿ ಲೆಕ್ಕ ಕೇಳಲಿಲ್ಲವೆಂದು ಕಾಣುತ್ತದೆ. ಅವರ ತಂದೆ ಓವರ್‌ಸಿಯರ್ ಆಗಿರಲಿಲ್ಲ.

ಅಣ್ಣ ಆ ಚಿತ್ರಕ್ಕಾಗಿ ಆರು ದಿನ ಬೆಳಗಿನ ಜಾವದ ಬಸ್ಸಿನಲ್ಲಿ ಹರಿಹರಕ್ಕೆ ಹೋಗಿದ್ದ. ಏಳನೆಯ ದಿನ ಸಂಜೆ ಅಪ್ಪನ ಮುಂದೆ ಅದನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ. ಅಪ್ಪ ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು. ತೋರುಬೆರಳನ್ನು ಎಡದಿಂದ ಬಲಕ್ಕೆ ಮೆಲ್ಲನೆ ಸರಿಸುತ್ತ ಹೋದರು. ಆ ಬೆರಳು ನಿಂತ ಜಾಗ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

"ಹನ್ನೊಂದ ಅದಾವಲ್ಲೋ."

"ಮಂಜಿತ್ತಪ್ಪ. ಆಚೆ ದಂಡೆ ಕಾಣುತ್ತಿರಲಿಲ್ಲ."

"ಮಂಜು ಬಿದ್ದರ ಸೇತುವೀನೂ ಬೀಳ್ತೈತೇನಲೇ? ನಿನಗ ಎಣಸಾಕ ಬರಂಗಿಲ್ಲೇನು?"

ಅಣ್ಣ ಕಂಡದ್ದನ್ನು ಬರೆಯಬೇಕೆಂದ. ಅಪ್ಪ ಇದ್ದದ್ದನ್ನು ಬರೆಯಬೇಕೆಂದರು. ಕಲ್ಲು ಎಲ್ಲಿಯಾದರೂ ನೇರಳೆ ಬಣ್ಣವಿರುವುದುಂಟೆ ಎಂದರು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅಪ್ಪ, ಇಂಥದನ್ನು ಕಲಿಸುವ ಶಾಲೆಗೆ ಬರುವ ತಿಂಗಳಿನಿಂದ ಫೀಜು ಕಟ್ಟುವುದಿಲ್ಲವೆಂದು ಹೇಳಿ ಎದ್ದುಹೋದರು. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟಮಾಡಲಿಲ್ಲ. ಚಿತ್ರವನ್ನು ಅಮ್ಮ ಅಟ್ಟದ ಮೇಲೆ ಇಟ್ಟಳು.

ಮಾರನೆಯ ವಾರ ಅಣ್ಣ ಬಂಧುಗಳ ಮದುವೆಗೆಂದು ನಾಲ್ಕು ದಿನ ಶಿವಮೊಗ್ಗೆಗೆ ಹೋದ. ನನಗಾಗ ಹನ್ನೊಂದು ವರ್ಷ. ಮನೆಯ ಜಗಳಕ್ಕೆಲ್ಲ ಮೂರು ಕಮಾನುಗಳು ಕಡಮೆಯಾದದ್ದೇ ಕಾರಣ, ಅವನ್ನು ಸೇರಿಸಿಬಿಟ್ಟರೆ ಎಲ್ಲವೂ ಸರಿಹೋಗುವುದೆಂದು ನನ್ನ ತರ್ಕ. ಶಾಲೆಯ ಬಣ್ಣದ ಪೆಟ್ಟಿಗೆಯನ್ನು ತೆಗೆದುಕೊಂಡು ಮಧ್ಯಾಹ್ನ ಅಟ್ಟ ಹತ್ತಿದೆ. ನೀರಿನ ಬಣ್ಣ ಎಣ್ಣೆಯ ಮೇಲೆ ನಿಲ್ಲದೆ ಹನಿಹನಿಯಾಗಿ ಜಾರತೊಡಗಿತು. ನಾನೂ ಓವರ್‌ಸಿಯರ್ ಮಗನಲ್ಲವೆ? ಅಂಚೆಯ ಲಕೋಟೆ ಅಂಟಿಸುವ ಗೋಂದನ್ನು ತಂದು ಕಲಸಿದೆ; ಬಣ್ಣ ಹಿಡಿದುಕೊಂಡಿತು. ಕಮಾನು ದುಂಡಾಗಿ ಬರಲೆಂದು ನಾಲ್ಕಾಣೆಯ ನಾಣ್ಯವನ್ನಿಟ್ಟು ಸುತ್ತ ಗೆರೆಯೆಳೆದೆ. ಅಣ್ಣನ ಮಂಜಿನ ಮೇಲೆ, ಬಲದ ಅಂಚಿನವರೆಗೆ, ಮೂರು ಅಚ್ಚುಕಟ್ಟಾದ ಕಂದು ಕಮಾನುಗಳು ಎದ್ದುನಿಂತವು. ನೆರಳಿಗೆ ಕಪ್ಪನ್ನೇ ಹಾಕಿದೆ.

ಒಣಗಿದ ಮೇಲೆ ಚಿತ್ರವನ್ನು ಕೆಳಗಿಳಿಸಿ ಪಡಸಾಲೆಯ ಬೆಂಚಿನ ಮೇಲೆ ಇಟ್ಟು ಹಿತ್ತಿಲಿಗೆ ಓಡಿಹೋದೆ. ಸಂಜೆ ಬಂದ ಅಪ್ಪ ಅದರ ಮುಂದೆ ಬಹಳ ಹೊತ್ತು ನಿಂತಿದ್ದರೆಂದು ಅಮ್ಮ ಹೇಳಿದಳು. ಮಾರನೆಯ ದಿನ ತಾವೇ ಮೊಳೆ ಹೊಡೆದು ಅದನ್ನು ತೂಗುಹಾಕಿದರು. ಫೀಜಿನ ಮಾತು ಮತ್ತೆ ಬರಲಿಲ್ಲ.

ಅಣ್ಣ ಊರಿನಿಂದ ಬಂದವನು ಗೋಡೆಯನ್ನು ನೋಡಿದ. ಬಾಗಿಲ ಬಳಿ ನಿಂತು ನೋಡಿದ, ಹತ್ತಿರ ಹೋಗಿ ನೋಡಿದ, ಮೊಳೆಯನ್ನು ನೋಡಿದ. ನಾನು ಅಮ್ಮನ ಸೆರಗಿನ ಹಿಂದೆ ಇದ್ದೆ. ಅವನು ಏನೂ ಅನ್ನದೆ ಕೈಕಾಲು ತೊಳೆಯಲು ಹೋದ. ಶಾಲೆಯನ್ನು ಮುಗಿಸಿದ; ಹುಬ್ಬಳ್ಳಿಯಲ್ಲಿ ಡ್ರಾಯಿಂಗ್ ಮಾಸ್ತರನಾದ; ಅಲ್ಲಿಯೇ ಮನೆ ಮಾಡಿದ. ಮರ, ಗುಡ್ಡ, ಸಂತೆ ಎಲ್ಲವನ್ನೂ ಬರೆದ. ಸೇತುವೆಯನ್ನು ಮಾತ್ರ ಮತ್ತೆಂದೂ ಬರೆಯಲಿಲ್ಲ. ಇದಕ್ಕೆ ನಾನೇ ಕಾರಣನೆಂಬ ಮುಳ್ಳು ನನ್ನಲ್ಲಿ ಉಳಿದುಕೊಂಡಿತು. ಅಪ್ಪ 1981ರಲ್ಲಿ ತೀರಿಕೊಂಡರು. ಹಳೆಯ ಪೇಟೆಯ ಬಾಡಿಗೆಯ ಮನೆಯಿಂದ ನಾವು ವಿನೋಬನಗರಕ್ಕೆ ಬಂದಾಗ ಚಿತ್ರವೂ ನನ್ನೊಂದಿಗೆ ಬಂದಿತು. (ಭೂದಾನದ ಮಹಾತ್ಮರ ಹೆಸರಿನ ಈ ಬಡಾವಣೆಯಲ್ಲಿ ಈಗ ನಿವೇಶನದ ಬೆಲೆ ಕೇಳಿದರೆ ವಿನೋಬಾಜಿಯವರು ಕಾಲ್ನಡಿಗೆಯಲ್ಲಿಯೇ ಹಿಂದಿರುಗಿಯಾರು. ಅದಿರಲಿ.)

ಒದ್ದೆ ಬಟ್ಟೆಯ ಪ್ರಸಂಗವಾದ ಮೇಲೆ ನನಗೆ ನಿದ್ರೆ ಬರಲಿಲ್ಲ. ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ನಕ್ಕಾಳೆಂದುಕೊಂಡಿದ್ದೆ, ನಗಲಿಲ್ಲ. "ಭಾವನವರಿಗೆ ಎಪ್ಪತ್ತೊಂಬತ್ತು. ಇನ್ನೂ ಯಾವಾಗ ಹೇಳುತ್ತೀರಿ?" ಎಂದಳು.

ಹುಬ್ಬಳ್ಳಿಗೆ ಹೋಗುವ ಧೈರ್ಯ ಬರುವ ಮೊದಲು ಹರಿಹರಕ್ಕೆ ಹೋದೆ. ಹದಿನಾಲ್ಕು ಕಿಲೋಮೀಟರು, ಆದರೂ ಬಸ್ಸಿನಿಂದ ಇಳಿದು ಹೊಳೆಯ ದಡಕ್ಕೆ ನಡೆದುಹೋಗಿ ಎಷ್ಟು ವರ್ಷವಾಗಿದ್ದಿತೋ. ಮೊದಲು ಹರಿಹರೇಶ್ವರನ ದರ್ಶನ ಮಾಡಿದೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ. ಬಲಗಡೆ ಹರ, ಎಡಗಡೆ ಹರಿ, ನಡುವೆ ಗೆರೆಯಿಲ್ಲ. ಹರಿಯೊಬ್ಬನಿಂದಲೂ ಹರನೊಬ್ಬನಿಂದಲೂ ಸಾಯದ ವರ ಪಡೆದಿದ್ದ ಗುಹಾಸುರನಿಗಾಗಿ ಇಬ್ಬರೂ ಒಂದು ಮೈಯಾಗಬೇಕಾಯಿತಂತೆ. ಅಪ್ಪನನ್ನೂ ಅಣ್ಣನನ್ನೂ ಒಂದೇ ಚೌಕಟ್ಟಿನಲ್ಲಿ ಕೂಡಿಸಲು ಹೋದ ನನ್ನ ನಾಣ್ಯದ ಕಮಾನು ನೆನಪಾಗಿ ಆ ದೇವರ ಎದುರಿಗೆ ಸ್ವಲ್ಪ ನಾಚಿಕೆಯಾಯಿತು.

ಹೊಳೆಯ ದಡದಲ್ಲಿ ಮಂಜಿರಲಿಲ್ಲ. ಕಾರ್ತಿಕದ ಬಿಸಿಲು ಚುರುಕಾಗಿದ್ದಿತು. ಆಚೆ ಕುಮಾರಪಟ್ಟಣದ ಕಡೆಯ ಕಾರ್ಖಾನೆ ಅಣ್ಣ ಬರೆಯುವಾಗ ಇರಲಿಲ್ಲ. ಆಗ ಈಚೆ ಹೊತ್ತುಹೊತ್ತಿಗೆ ಊರನ್ನೆಬ್ಬಿಸುತ್ತಿದ್ದ, 1941ರಲ್ಲಿ ಆರಂಭವಾಗಿದ್ದ ಕಿರ್ಲೋಸ್ಕರ್ ಕಾರ್ಖಾನೆ ಈಗ ಮುಚ್ಚಿ ಇಪ್ಪತ್ತು ವರ್ಷದ ಮೇಲಾಗಿದೆ. ಹೆದ್ದಾರಿಯ ಲಾರಿಗಳು ಊರ ಹೊರಗಿನ ಅಗಲವಾದ ರಸ್ತೆಯಲ್ಲಿ ಹೋಗುತ್ತವೆ. ಹಳೆಯ ಸೇತುವೆಯ ಕಲ್ಲಿನ ಸಂದುಗಳಲ್ಲಿ ಅರಳಿಯ ಸಸಿಗಳು ಹುಟ್ಟಿವೆ. ನಾನು ಬೆರಳು ನೀಡಿ ಎಣಿಸಿದೆ. ಹದಿನಾಲ್ಕು. ಒಂದೊಂದು ಕಮಾನೂ ಚಪ್ಪಟೆಯಾಗಿ, ಬಿಗಿಯದ ಬಿಲ್ಲಿನಂತೆ ಒರಗಿದೆ. ನನ್ನವುಗಳಂತೆ ನಾಲ್ಕಾಣೆಯ ದುಂಡಲ್ಲ. ಬಟ್ಟೆ ಒಗೆಯುತ್ತಿದ್ದವನೊಬ್ಬ, ಮುದುಕ ತನ್ನಷ್ಟಕ್ಕೆ ಬೆರಳಾಡಿಸುತ್ತಿರುವುದನ್ನು ಕಂಡು, "ಏನು ಸ್ವಾಮಿ, ಸೇತುವೆ ರಿಪೇರಿಗೇನು?" ಎಂದು ಕೇಳಿದ. ಮಂಜು ನೋಡಲು ಬಂದೆನೆಂದೆ. "ಈಗೆಲ್ಲಿ ಮಂಜು! ಮಾಗಿ ಬರ್ಲಿ. ಒಂದೊಂದು ದಿನ ಆಚೀ ದಡ ಅನ್ನೋದೇ ಇರಲ್ಲ," ಎಂದ.

ಬರುವ ಭಾನುವಾರ ಹುಬ್ಬಳ್ಳಿಗೆ ಹೋದೆ. ಅಣ್ಣನ ಕೈ ಈಗ ನಡುಗುತ್ತದೆ. ಚಹದ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿಯುತ್ತಾನೆ. ಅತ್ತಿಗೆ ಒಳಗೆ ಹೋದ ಸಮಯ ನೋಡಿ ಎಲ್ಲವನ್ನೂ ಹೇಳಿದೆ. ಗೋಂದು, ನಾಣ್ಯ, ಕಪ್ಪು ನೆರಳು, ಒದ್ದೆ ಬಟ್ಟೆ. ಅವನು ಬಟ್ಟಲನ್ನು ಕೆಳಗಿಟ್ಟು ನಗತೊಡಗಿದ.

"ಅಂದರೆ ಈಗ ಹದಿಮೂರೂವರೆ ಆಯಿತು ಅನ್ನು."

"ನಿನಗೆ ಗೊತ್ತಿತ್ತೇ?"

"ಮೂರೂ ಒಂದೇ ಅಳತೆ. ದೂರ ಹೋದಹಾಗೆ ಸಣ್ಣದಾಗಬೇಕೆಂಬ ಜ್ಞಾನ ಬೇಡವೇ? ನನ್ನ ಶಾಲೆಯಲ್ಲಿ ಕಲಿತವನು ಹಾಗೆ ಬರೆಯುತ್ತಿರಲಿಲ್ಲ, ಮನೆಯಲ್ಲಿ ಇನ್ನೊಬ್ಬ ಬಣ್ಣ ಇದ್ದವನು ನೀನೇ."

"ಸಿಟ್ಟು ಬರಲಿಲ್ಲವೇ?"

"ಬಂತು. ಕೆರೆದು ಹಾಕಬೇಕೆಂದುಕೊಂಡೆ. ಆದರೆ ಅಪ್ಪ ಹೊಡೆದ ಮೊಳೆ ನೋಡಿದೆ."

ಸ್ವಲ್ಪ ಹೊತ್ತು ಸುಮ್ಮನಿದ್ದು ಅವನೇ ಮುಂದುವರಿಸಿದ. ಅಪ್ಪನಿಗೂ ಗೊತ್ತಿದ್ದಿತಂತೆ. ಕಾಯಿಲೆ ಮಲಗಿದ್ದಾಗ ಅಣ್ಣ ಹದಿನೈದು ದಿನ ಅವರ ಬಳಿ ಇದ್ದನಲ್ಲ, ಆಗ ಒಂದು ರಾತ್ರಿ ಅವರೇ ಗೋಡೆಯ ಕಡೆ ಕೈತೋರಿಸಿ ಹೇಳಿದರಂತೆ: "ಸಣ್ಣಾಂವ ಅರ್ಧವೃತ್ತ ಎಳದಾನ. ಅರವತ್ತು ಅಡಿಗೆ ಅರ್ಧವೃತ್ತ ಅಂದರ ಮೂವತ್ತು ಅಡಿ ಎತ್ತರ ಆಗ್ತದ. ಆ ಮೂರು ಕಮಾನು ಹತ್ತೂದ್ರಾಗ ಎತ್ತಿಗೆ ಉಸಿರು ನಿಂತು ಹೋಗ್ತದ." ಇಷ್ಟು ಹೇಳಿ ನಕ್ಕರಂತೆ. ಆಮೇಲೆ, ಅದುವರೆಗೆ ಯಾರಿಗೂ ಹೇಳದ ಮಾತೊಂದನ್ನು ಹೇಳಿದರಂತೆ.

1926ರಲ್ಲಿ ಅವರು ಊರು ಬಿಟ್ಟ ದಿನ ಅವರ ತಾಯಿ ಜೊತೆಯಲ್ಲಿ ನಡೆದು ಬಂದಿದ್ದಳು. ಮಗನ ತಲೆಯ ಮೇಲೆ ಜೋಳದ ಚೀಲ, ತಾಯಿಯ ಕೈಯಲ್ಲಿ ರೊಟ್ಟಿಯ ಗಂಟು. ಸೇತುವೆಯ ತುದಿಯಲ್ಲಿ ನಿಲ್ಲುವೆನೆಂದವಳು ಒಂದು ಕಮಾನು ದಾಟಿದಳು, ಎರಡು ದಾಟಿದಳು. ಮೂರನೆಯದರ ಮೇಲೆ ನಿಂತು ಗಂಟನ್ನು ಮಗನ ಕೈಗೆ ಕೊಟ್ಟು, ಇನ್ನು ನಾನು ಬರುವುದಿಲ್ಲ, ಅದು ಮೈಸೂರಿನವರದು ಎಂದಳು. ಹುಡುಗ ಈಚೆಯ ದಂಡೆ ಮುಟ್ಟಿ ತಿರುಗಿ ನೋಡಿದಾಗಲೂ ಅಲ್ಲಿಯೇ ನಿಂತಿದ್ದಳು. ಆ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳು. ಸುದ್ದಿ ತಲಪುವ ಹೊತ್ತಿಗೆ ಎಲ್ಲವೂ ಮುಗಿದಿದ್ದಿತು. ಅಪ್ಪ ಆಕೆಯನ್ನು ಕೊನೆಯದಾಗಿ ಕಂಡದ್ದು ಅಲ್ಲಿ.

"ನಾನು ಮಂಜು ಬರೆದದ್ದು ಅಲ್ಲಿಗೇ," ಎಂದ ಅಣ್ಣ. "ನನಗೇನು ಗೊತ್ತಿತ್ತು? ಗೊತ್ತಿದ್ದರೂ ಮಂಜನ್ನೇ ಬರೆಯುತ್ತಿದ್ದೆನೋ ಏನೋ. ಆ ಬೆಳಿಗ್ಗೆ ಮಂಜೇ ಇತ್ತು. ಆದರೆ ಆ ಮಾತು ಕೇಳಿದ ಮೇಲೆ ಸೇತುವೆ ಬರೆಯಲು ಕೂತರೆ ಕೈ ಓಡಲಿಲ್ಲ. ಅದಕ್ಕೂ ನಿನಗೂ ಸಂಬಂಧವಿಲ್ಲ."

ಉಳಿದ ಎರಡೂವರೆ ಕಮಾನುಗಳನ್ನು ಏನು ಮಾಡಲಿ ಎಂದು ಕೇಳಿದೆ. ನೀರಿನಲ್ಲಿ ನೆನೆಸಿದ ಹತ್ತಿಯಿಂದ ಜೋಪಾನವಾಗಿ ಒರೆಸಿದರೆ ಅವನ ಮಂಜು ಮತ್ತೆ ಈಚೆಗೆ ಬರುವುದು. ಎಣ್ಣೆಯ ಬಣ್ಣಕ್ಕೆ ಅಪಾಯವಿಲ್ಲ. ಇದನ್ನು ಅವನಿಗೆ ನಾನೇ ಹೇಳಿದೆ. ಅವನು ಬಹಳ ಹೊತ್ತು ಯೋಚಿಸಿದ. ಅತ್ತಿಗೆ ಊಟಕ್ಕೆ ಕರೆದಳು.

"ಹಾಗೇ ಇರಲಿ," ಎಂದ ಏಳುತ್ತ. "ಅವಳಿಗೆ ಇನ್ನು ಮೇಲೆ ಒಣ ಬಟ್ಟೆಯಲ್ಲಿ ಒರೆಸಲು ಹೇಳು."

ಸಂಜೆಯ ರೈಲಿನಲ್ಲಿ ಹಿಂದಿರುಗಿದೆ. ರಾಣೆಬೆನ್ನೂರು ದಾಟಿದ ಮೇಲೆ ಎದ್ದುಹೋಗಿ ಬಾಗಿಲಿನ ಬಳಿ ನಿಂತುಕೊಂಡೆ. ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ರೈಲು ಹೊಳೆಯ ಮೇಲೆ ಬಂದು ಕಬ್ಬಿಣದ ಸದ್ದು ಶುರುವಾದ ಕೂಡಲೆ, ಈ ಸಲ ಆಚೆಯ ದಂಡೆಯಿಂದಲೇ ಎಣಿಸಲಾರಂಭಿಸಿದೆ. ಒಂದು, ಎರಡು, ಮೂರು. ಮೂರನೆಯದರ ಮೇಲೆ ಯಾರೋ ಸೈಕಲ್ಲನ್ನು ತಳ್ಳಿಕೊಂಡು ಹೋಗುತ್ತಿದ್ದಂತೆ ಕಂಡಿತು. ಅದನ್ನೇ ನೋಡುತ್ತ ನಿಂತುಬಿಟ್ಟೆ. ಮತ್ತೆ ಲೆಕ್ಕಕ್ಕೆ ಬಂದು ಒಂಬತ್ತರವರೆಗೆ ಹೋಗುವಷ್ಟರಲ್ಲಿ ಹೊಳೆ ಮುಗಿದು, ಇಳಿಯುವವರು ಗಂಟುಮೂಟೆ ಹಿಡಿದು ನನ್ನನ್ನು ಬಾಗಿಲಿನಿಂದ ಪಕ್ಕಕ್ಕೆ ಸರಿಸಿದರು.